ಲೋಬಾನದ ವಾಸನೆ ಇಲ್ಲದ ಯಂತ್ರ

“ಮೇಡಂ, ಒಂದೇ ಒಂದು ಸಲ ಅದನ್ನ ಚಾಲೂ ಮಾಡಿ ನೋಡ್ರಿ. ಬ್ಯಾರೆ ಏನೂ ಕೇಳಂಗಿಲ್ಲ ನಾ.”

ಲಾಕಪ್ಪಿನ ಸರಳು ಹಿಡಿದುಕೊಂಡು ಪರ್ವೇಜ್ ಅದನ್ನೇ ಹೇಳುತ್ತಿದ್ದ. ಹಿಡಿದು ತಂದ ದಿನದಿಂದ ಅವನ ಬಾಯಲ್ಲಿ ಅದೊಂದೇ ಮಾತು. ಊಟ ಬೇಕೇನೋ ಅಂದರೂ ಅದೇ, ವಕೀಲರು ಬಂದಾರೋ ಅಂದರೂ ಅದೇ.

“ಮಾಡ್ಸೋಣಂತ,” ಅಂದಳು ಪಿಎಸ್‌ಐ ನಾಗರತ್ನಾ.

“ಇನ್ನೂ ಮಾಡೇ ಇಲ್ಲೇನ್ರಿ?”

“ಇಲ್ಲ.”

ಸುಳ್ಳು. ಅಪ್ಪಟ ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ ನೋಡಿ, ಅದೇ ಅವಳಿಗೆ ಹೆಚ್ಚು ನಾಚಿಕೆ ತಂದಿತು. ಮುಖ ತಿರುಗಿಸಿಕೊಂಡು ತನ್ನ ಕೋಣೆಗೆ ಬಂದು ಕುಂತಳು.

ವಿಷಯ ಇಷ್ಟೇ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಗಾರರ ಕೂಟದ ಹಣ್ಣು ಮಾಗಿಸುವ ಕೋಣೆಯೊಳಗೆ ಸೂಗಪ್ಪ ಎಂಬ ಕೆಲಸಗಾರ ಗೊನೆ ಜೋಡಿಸುತ್ತಿದ್ದಾಗ, ಯಾರೋ ದೂರದಲ್ಲಿ ಕೂತು ಅಲ್ಲಿನ ಹೊಸ ಕಂಪ್ಯೂಟರಿನೊಳಗೆ ಹೊಕ್ಕು, ಬಾಗಿಲು ಬಿಗಿದು, ಫ್ಯಾನು ನಿಲ್ಲಿಸಿ, ಹಣ್ಣು ಮಾಗಿಸುವ ಗ್ಯಾಸು ಬಿಟ್ಟಿದ್ದರು. ಸೂಗಪ್ಪ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ.

ಆ ಹೊತ್ತಿಗೆ ಒಳಗೆ ಬಂದವರ ಗುರುತು ತೆಗೆದು ನೋಡಿದರೆ ಸಿಕ್ಕಿದ್ದು ಒಂದೇ ಸಾಲು. ಹೆಸರು ಪರ್ವೇಜನದು. ಬಂದ ದಾರಿಯೂ ಮಾಮೂಲಿಯಲ್ಲ. ಈಗಿನ ಲ್ಯಾಪ್‌ಟಾಪಲ್ಲ, ಮೊಬೈಲಲ್ಲ. ಹಿಂದೆ ಯಾವ ಕಾಲದಲ್ಲೋ ಕಾಲೇಜುಗಳಿಗೆ ಹಂಚಿದ, ಹಸಿರು ಅಕ್ಷರ ಮೂಡಿಸುವ ಹಳೆಯ ಕಂಪ್ಯೂಟರಿನಿಂದ ಯಾರೋ ಒಳಹೊಕ್ಕಿದ್ದರು.

ಅಂಥದೊಂದು ಯಂತ್ರ ಇಡೀ ಕಲಬುರಗಿಯಲ್ಲಿ ಯಾರ ಹತ್ತಿರ ಇದೆ? ಶಹಾಬಜಾರದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಪರ್ವೇಜನ ಹತ್ತಿರ. ಹಳೆಯ ಯಂತ್ರದಿಂದ ಹೊಸದಕ್ಕೆ ಹೇಗೆ ಮಾತಾಡಿಸುವುದು ಅಂತ ಅವನೇ ವಿಡಿಯೋ ಮಾಡಿ ಊರಿಗೆಲ್ಲ ತೋರಿಸಿದ್ದ. ಕಮಲಾಪುರದ ಕೋಣೆಗೆ ತಂತಿ ಎಳೆದವನೂ ಅವನೇ. ಇನ್ನೇನು ಬೇಕು? ನಾಗರತ್ನಾ ಜೀಪು ತೆಗೆದುಕೊಂಡು ಹೋದಳು, ಬಟ್ಟೆ ಮುಚ್ಚಿಟ್ಟಿದ್ದ ಯಂತ್ರವನ್ನೂ ಅದರ ಒಡೆಯನನ್ನೂ ಎತ್ತಿಕೊಂಡು ಬಂದಳು. ಸಾಹೇಬರು ಬೆನ್ನು ಚಪ್ಪರಿಸಿದರು.

ಆಮೇಲೆ ಆದದ್ದೇ ಎಡವಟ್ಟು.

ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಅಂಥದೇ ಯಂತ್ರದ ಮುಂದೆ ಕೂತು ಅವಳು ಮೊದಲ ಸಲ ಕೀಲಿ ಒತ್ತಿದ್ದು. ಠಾಣೆಗೆ ತಂದಿಟ್ಟ ಮೇಲೆ ಕೈ ತಡೆಯಲಿಲ್ಲ. ತಜ್ಞರು ಬರುವ ತನಕ ಮುಟ್ಟಬಾರದು ಅಂತ ಊರಿಗೆಲ್ಲ ಪಾಠ ಹೇಳುವವಳು, ತಾನೇ ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತಿದಳು. ಹಸಿರು ಅಕ್ಷರ ಒಂದು ಗಳಿಗೆ ಮೂಡಿತು. ಆಮೇಲೆ ‘ಟಪ್’ ಅಂತ ಸದ್ದು. ಹಿಂದಿನ ಕಿಂಡಿಯಿಂದ ಬಿಳಿ ಹೊಗೆ. ಮೂಗು ಸುಡುವ ನಾತ.

ಕಿಟಕಿ ತೆರೆದವನು ಹವಾಲ್ದಾರ ಕಪಿಲ. ಅವಳ ಜೀಪು ಓಡಿಸುವವನೂ ಅವನೇ, ಅವಳ ಹೆಸರಿನಿಂದ ಠಾಣೆಯ ಕಂಪ್ಯೂಟರಿನಲ್ಲಿ ಕೂತು ವರದಿ ಟೈಪಿಸುವವನೂ ಅವನೇ.

“ಬರೀಬೇಕು ಕಪಿಲ. ಚಾಲೂ ಮಾಡಿದಾಗ ಸುಟ್ಟಿತು ಅಂತ ಪಂಚನಾಮೆದಾಗ ಸೇರಿಸಬೇಕು,” ಅಂದಿದ್ದಳು ನಾಗರತ್ನಾ.

“ಯಾಕ್ರಿ ಮೇಡಂ? ಹಳೀ ಡಬ್ಬಿ. ಕೋರ್ಟಿನ್ಯಾಗ ಅದನ್ನ ಯಾರು ಚಾಲೂ ಮಾಡ್ತಾರ? ನೀವು ಮುಟ್ಟಿಲ್ಲ, ನಾ ನೋಡಿಲ್ಲ. ಬಿಡ್ರಿ.”

ಬಿಟ್ಟಳು. ಬಿಟ್ಟದ್ದು ಈಗ ಗಂಟಲಿನ ಮುಳ್ಳಾಗಿತ್ತು. ಪೊಲೀಸ್ ಕಸ್ಟಡಿ ಮುಗಿದು, ನಾಳೆ ಮುಂಜಾನೆ ಪರ್ವೇಜನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯಬೇಕು. ಅಲ್ಲಿಂದ ಜೈಲು. ಸೂಗಪ್ಪನ ಉಸಿರು ನಿಂತರೆ ಕೊಲೆ ಕೇಸು.

ಚಹಾ ಕುಡಿದರೆ ಸರಿಹೋದೀತೆಂದು ಅವಳು ಕಪ್ಪು ಹಿಡಿದು ಹೊರಗೆ ಬಂದಳು. ಬೇವಿನ ಗಿಡದ ಕೆಳಗೆ, ಕಟ್ಟೆಯ ಮೇಲೆ, ಪರ್ವೇಜನ ತಾಯಿ ಮೆಹಬೂಬಿ ಕೂತಿದ್ದಳು. ದಿನಾ ಬರುತ್ತಾಳೆ, ದಿನಾ ಡಬ್ಬಿ ತರುತ್ತಾಳೆ. ಅಳುವುದಿಲ್ಲ, ಬಯ್ಯುವುದಿಲ್ಲ. ಒಂದು ಸಲ ಬೈದಿದ್ದರೆ ಚೆಂದಿತ್ತು ಅಂತ ನಾಗರತ್ನಾಳಿಗೆ ಎಷ್ಟೋ ಸಲ ಅನಿಸಿತ್ತು.

“ಖಿಚಡಿ, ಹುಳಿ ಖಟ್ಟಾ ತಂದೀನಿ ಬೇಟಿ. ಅವ ಅರ್ಧಾ ತಿಂದು ಬಿಡ್ತಾನ. ಉಳಿದದ್ದು ನೀ ತಿನ್ನು. ನಿನ್ನ ಮುಖಾನೂ ಸಣ್ಣ ಆಗ್ಯದ.”

ನಾಗರತ್ನಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಬ್ಯಾಡ ಅಮ್ಮಾ, ನನ್ನದು ಊಟ ಆಗ್ಯದ.”

“ಇವತ್ತು ಜುಮೇರಾತ್,” ಅಂದಳು ಮೆಹಬೂಬಿ, ಯಾರಿಗೋ ಹೇಳಿಕೊಂಡಂತೆ. “ದುಕಾನಿಗೆ ನೀವು ಬೀಗ ಹಾಕೀರಿ. ಲೋಬಾನದ ಧೂಪ ಹಾಕೋರಿಲ್ಲ. ಒಂದು ಗುರುವಾರಾನೂ ನಾ ತಪ್ಪಿಸಿದಾಕಿ ಅಲ್ಲ. ನಾ ಹೊಗಿ ಹಿಡಕೊಂಡು ಒಳಗ ಹೋದ್ರ ಆ ಹಳೀ ಮಷೀನಿಗೆ ಅಡ್ಡ ನಿಂದ್ರತಾನ ನೋಡು ಅವ! ‘ಅಮ್ಮೀ, ಅದಕ್ಕ ಬ್ಯಾಡ, ಅದರ ಹೊಟ್ಟ್ಯಾಗೆಲ್ಲ ಹೊಗಿ ಕುಂದ್ರತದ, ತೊಳೆದು ತೊಳೆದು ಸಾಕಾತು’ ಅಂತ. ನಾ ಬಿಡ್ತೀನೇನು? ಎಲ್ಲಾದಕ್ಕಿಂತ ಮೊದಲ ಅದಕ್ಕೇ ಹಾಕ್ತೀನಿ. ಮಂದಿ ಕೆಟ್ಟ ನಜರ್ ಬೀಳಬಾರದಲ್ಲಾ.”

ನಾಗರತ್ನಾಳ ಚಹಾದ ಕಪ್ಪು ಕೈಯಲ್ಲೇ ಉಳಿಯಿತು.

ಹೊಟ್ಟೆಯೊಳಗೆಲ್ಲ ಹೊಗೆ. ವಾರವಾರ. ವರ್ಷಗಟ್ಟಲೆ.

ಆ ಸಂಜೆ ಯಂತ್ರ ಸುಟ್ಟಾಗ ಬಂದ ನಾತ ಅವಳಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೂ ಮುಂಚೆ, ಪ್ಲಗ್ಗು ಚುಚ್ಚುವಾಗ, ಮೂಗನ್ನು ಅದರ ಹತ್ತಿರವೇ ಇಟ್ಟಿದ್ದಳು. ಲೋಬಾನದ ವಾಸನೆ ಬಂದದ್ದು ನೆನಪಿಲ್ಲ.

ಕಪ್ಪನ್ನು ಕಟ್ಟೆಯ ಮೇಲೆ ಇಟ್ಟು ಅವಳು ಸರಸರ ಒಳಗೆ ನಡೆದಳು.

ಜಪ್ತಿ ಮಾಡಿದ ಸಾಮಾನು ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಯಂತ್ರದ ಮೇಲಿನ ಬಟ್ಟೆ ತೆಗೆದಳು. ಬಗ್ಗಿ ಮೂಸಿದಳು. ಸುಟ್ಟ ವಾಸನೆ ಇತ್ತು, ಧೂಳಿನ ವಾಸನೆ ಇತ್ತು. ಮತ್ತೇನೂ ಇಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಒಂದು ಸಲ ತಪ್ಪು ಮಾಡಿದವರಿಗೆ ಎರಡನೇ ತಪ್ಪಿನ ಅಂಜಿಕೆ ಎಲ್ಲಿ?

ಮುಚ್ಚಳದ ಒಳಮೈಯಲ್ಲಿ ಲೋಬಾನದ ಕಂದು ಜಿಡ್ಡು ಎಲ್ಲೂ ಇರಲಿಲ್ಲ. ಇದ್ದದ್ದು ಬಿಳಿ ಪುಡಿ. ಬೆರಳಿಗೆ ಹಚ್ಚಿ ನೋಡಿದಳು, ವಿಭೂತಿ. ಕೀಲಿಗಳ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಕೀಲಿಮಣೆಯನ್ನು ಮೆಲ್ಲಗೆ ಎತ್ತಿದರೆ ಕೆಳಗಿನಿಂದ ಒಣಗಿದ ಎಲೆಗಳು ಉದುರಿದವು. ಸಣ್ಣ ಸಣ್ಣ ಎಲೆಗಳು. ಕಲಬುರಗಿಯಲ್ಲಿ ಹುಟ್ಟಿದ ಯಾರಾದರೂ ಕಣ್ಣು ಮುಚ್ಚಿ ಗುರುತು ಹಿಡಿಯುವ ಎಲೆ.

ಬನ್ನಿ.

ದಸರೆಯಲ್ಲಿ ಮನೆಯ ಆಯುಧ, ಯಂತ್ರಗಳಿಗೆಲ್ಲ ಪೂಜೆ ಮಾಡಿ ಬನ್ನಿ ಏರಿಸುವುದು ಇಲ್ಲಿಯ ಪದ್ಧತಿ. ಒಂದು ವರ್ಷದ ಎಲೆಯಲ್ಲ ಅದು. ಕೆಳಗಿನವು ಮುಟ್ಟಿದರೆ ಪುಡಿ, ಮೇಲಿನವು ಇನ್ನೂ ಗಟ್ಟಿ. ಯಾರದೋ ಮನೆಯಲ್ಲಿ ಈ ಯಂತ್ರ ವರ್ಷ ವರ್ಷ ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತಿತ್ತು. ಆ ಮನೆ ಮೆಹಬೂಬಿಯದಲ್ಲ.

ಅಂದರೆ ಇದು ಪರ್ವೇಜನ ಯಂತ್ರವೇ ಅಲ್ಲ!

ನಾಗರತ್ನಾ ಮುಚ್ಚಳ ಮುಚ್ಚಿದಳು. ಲಾಕಪ್ಪಿಗೆ ಹೋದಳು. ಸರಳಿನ ಈಚೆ ನಿಂತವಳು ಪಹರೆಯವನನ್ನು ಆಚೆ ಕಳಿಸಿದಳು.

“ಪರ್ವೇಜ್, ನಾ ಸುಳ್ಳು ಹೇಳೀನಿ. ತಂದ ದಿನಾನೇ ಅದನ್ನ ಚಾಲೂ ಮಾಡಿದ್ದೆ. ಸುಟ್ಟು ಹೋತು. ಯಾರಿಗೂ ಹೇಳ್ಲಿಲ್ಲ.”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಗೋಡೆಗೆ ಒರಗಿ ಕುಸಿದು ಕೂತ.

“ಅಂದ್ರ ನಿಮಗ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಅಲ್ರಿ ಮೇಡಂ, ಅದರೊಳಗ ಒಂದು ಹಳೀ ಬಿಡಿಭಾಗ ಇರ್ತದ. ವರ್ಷಗಟ್ಟಲೆ ಬಂದ್ ಇಟ್ಟು ಚಾಲೂ ಮಾಡಿದ್ರ ಅದು ಸುಡ್ತದ, ಹೊಗಿ ಬರ್ತದ. ಅದಕ್ಕ ಇಂಥಾ ಮಷೀನ್ ಕೈಗೆ ಬಂತಂದ್ರ ನಾವು ಮೊದಲು ಅದನ್ನ ಕಿತ್ತು ಹೊಸಾದು ಹಾಕ್ತೀವಿ. ಇದಕ್ಕ ಹಾಕಾಕ ತರಿಸಿದ್ದು ಇನ್ನೂ ಬಂದಿದ್ದಿಲ್ಲ. ನೀವು ಚಾಲೂ ಮಾಡಿದಾಗ ಸುಟ್ಟಿತಂದ್ರ, ಅದಕ್ಕಿಂತ ಮೊದಲು ಅದನ್ನ ಯಾರೂ ಚಾಲೂ ಮಾಡಿದ್ದಿಲ್ಲಂತ. ಸೂಗಪ್ಪ ಒಳಗ ಬಿದ್ದ ದಿನಾನೂ ಮಾಡಿದ್ದಿಲ್ಲ. ಅದಕ್ಕೇ ನಾ ಬಡಕೋತಿದ್ದೆ, ಒಮ್ಮೆ ಚಾಲೂ ಮಾಡ್ರಿ, ನಾಕ ಮಂದಿ ಎದುರಿಗೆ ಹೊಗಿ ಬರ್ಲಿ ಅಂತ.”

ಅವನನ್ನು ಬಿಡಿಸುವ ಸಾಕ್ಷಿ ಅವಳ ಕೈಯಲ್ಲೇ ಹೊಗೆಯಾಗಿ ಹೋಗಿತ್ತು. ಹೋಗಲಿ, ಹೇಳಿದ್ದರಾದರೂ ಸಾಕಿತ್ತು. ತನ್ನ ಮರ್ಯಾದೆ ಉಳಿಸಿಕೊಳ್ಳಲು ಮುಚ್ಚಿಟ್ಟ ಮಾತೇ ಇವನ ಬಿಡುಗಡೆಯ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಇದು ನಿಂದಲ್ಲ. ಒಳಗ ವಿಭೂತಿ ಅದ, ಬನ್ನಿ ಅದ. ಯಾರದಿದು? ನಿಂದು ಎಲ್ಲದ?”

ಪರ್ವೇಜ್ ಮುಖ ಗೋಡೆಯತ್ತ ತಿರುಗಿಸಿದ.

“ಹೇಳೋ ತಮ್ಮಾ. ನಾಳೆ ನಿನ್ನ ಜೈಲಿಗೆ ಹಾಕ್ತಾರ. ನಿಮ್ಮಮ್ಮ ಹೊರಗ ಬಿಸಿಲಾಗ ಕುಂತಾಳ.”

“ಉಸ್ತಾದರ ಹೆಸರು ನನ್ನ ಬಾಯಿಂದ ಬರಂಗಿಲ್ರಿ. ಹೊಡದ್ರೂ ಬರಂಗಿಲ್ಲ.”

ಪಾಪ, ಹೆಸರು ಹೇಳುವುದಿಲ್ಲ ಅಂತಲೇ ಎಲ್ಲ ಹೇಳಿಬಿಟ್ಟ. ಕಂಪ್ಯೂಟರಿನ ವಿಷಯದಲ್ಲಿ ಪರ್ವೇಜ್ ಉಸ್ತಾದ್ ಅನ್ನುವುದು ಒಬ್ಬರನ್ನೇ. ನಾಗರತ್ನಾ ಸರ್ ಅನ್ನುವುದೂ ಅವರನ್ನೇ. ಅಣವೀರಪ್ಪ ಮೇಷ್ಟ್ರು. ಪಾಲಿಟೆಕ್ನಿಕ್ಕಿನಲ್ಲಿ ಇಬ್ಬರಿಗೂ ಪಾಠ ಹೇಳಿದವರು, ನಿವೃತ್ತಿಯಾದ ಮೇಲೆ ಕಮಲಾಪುರದ ಕೂಟಕ್ಕೆ ಸಲಹೆಗಾರರಾದವರು. ದಾಖಲೆಯ ಆ ಸಾಲನ್ನು ಹಿಡಿದುಕೊಂಡು ಇದರರ್ಥ ಏನು ಸರ್ ಅಂತ ಅವಳು ಕೇಳಲು ಹೋದದ್ದು ಕೂಡ ಅವರ ಮನೆಗೇ. ‘ಇದು ಹಳೀ ಯಂತ್ರದಿಂದ ಬಂದದ್ದು’ ಅಂದವರು ಅವರೇ.

“ಕಪಿಲ, ಜೀಪು ತಗಿ. ಕಮಲಾಪುರ.”

“ಈಗ್ಯಾಕ್ರಿ ಮೇಡಂ? ನಾಳೆ ಕೋರ್ಟು. ಕಾಗದಾ ಎಲ್ಲಾ ರೆಡಿ ಮಾಡೋದದ.”

“ತಗಿ ಅಂದೆ.”

ರಸ್ತೆಯ ಎರಡೂ ಬದಿ ತೊಗರಿ ಹೂ ಬಿಟ್ಟಿತ್ತು. ಕಪಿಲ ಕನ್ನಡಿಯಲ್ಲಿ ಅವಳನ್ನು ನೋಡಿಕೊಳ್ಳುತ್ತಲೇ ಗಾಡಿ ಓಡಿಸಿದ. ಕಮಲಾಪುರ ಅವನ ಹುಟ್ಟೂರು. ಹುಟ್ಟೂರಿಗೆ ಹೊರಟವನ ಮುಖ ಅದಲ್ಲ ಅಂತ ಅವಳಿಗೆ ಅನ್ನಿಸಿತು. ತನ್ನ ಸಂಕಟದಲ್ಲಿ ಅದನ್ನು ಅಲ್ಲಿಗೇ ಬಿಟ್ಟಳು.

ಮೇಷ್ಟ್ರ ಮನೆಯ ಮುಂದೆ ಬಾಳೆಯ ತೋಟ. ಅವರ ಹೆಂಡತಿ ನೀಲಗಂಗಮ್ಮ ಜೀಪಿನ ಸದ್ದಿಗೇ ಹೊರಗೆ ಬಂದರು.

“ಬಾ ಯವ್ವಾ, ಬಾ. ಅವ ನಮ್ಮ ಕಪಿಲ ಅಲ್ಲೇನು? ಒಳಗ ಕರಿ ಅವನ್ನ. ನಮ್ಮೂರ ಹುಡುಗ, ಸೂಗಪ್ಪನ ಓಣಿಯವನ. ಅವರಿಬ್ಬರದು ಹೊಲದ ಬದುವಿನ ಜಗಳಾ ಇದ್ರೂ, ನಮಗ ಇಬ್ಬರೂ ಮಕ್ಕಳೇ.”

ಕಪಿಲ ಕೈ ಅಲ್ಲಾಡಿಸಿ, ಗಾಡಿ ಕಾಯ್ತೀನ್ರಿ ಅಂದ.

ನೀಲಗಂಗಮ್ಮ ತಾಟಿನಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟರು. “ಆ ಕೋಣಿ ಉದ್ಘಾಟನಾ ನಿನ್ನ ಕೈಲೇ ಆಗಿತ್ತು. ಏನ್ ಕೈಗುಣ ಯವ್ವಾ ನಿಂದು! ಮೊದಲನೇ ಲಾರಿನೇ ಹೈದರಾಬಾದಿಗೆ ಹೋಗಿ ಬಂಗಾರ ಆಗಿ ಬಂತು. ಈಗ ಯಾರ ದೃಷ್ಟಿ ಬಿತ್ತೋ ಏನೋ. ಇವರೂ ಅವತ್ತಿನಿಂದ ಸರಿಯಾಗಿ ಉಣವಲ್ರು, ಮಲಗವಲ್ರು. ನೀನಾರ ಹೇಳು.”

ಹಣ್ಣು ಮುಟ್ಟದೆ ನಾಗರತ್ನಾ ಒಳಗಿನ ಕೋಣೆಗೆ ಹೋದಳು. ಅಣವೀರಪ್ಪ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಅವಳನ್ನು ನೋಡಿ ಏಳಲಿಲ್ಲ, ಬಾ ಅನ್ನಲಿಲ್ಲ. ಮೂಲೆಯ ಮೇಜಿನ ಮೇಲೆ ಏನೋ ಟವೆಲ್ ಹೊದ್ದು ಕೂತಿತ್ತು.

ಅವಳು ಸೀದಾ ಹೋಗಿ ಟವೆಲ್ ಎಳೆದಳು.

ಮುಚ್ಚಳ ಬಿಚ್ಚುವ ಗರಜೇ ಬೀಳಲಿಲ್ಲ. ಲೋಬಾನ ಘಮ್ಮೆಂದು ಮುಖಕ್ಕೆ ಬಂತು.

“ಸರ್, ಇದು ಪರ್ವೇಜಂದು.”

“ಹೌದು.”

“ಅವತ್ತು ಇದರಿಂದ ಒಳಗ ಹೋದವರು ನೀವು.”

“ಹೌದು, ನಾನೇ. ಕಾಲೇಜಿನವರು ಎರಡು ಯಂತ್ರ ಹೊರಗ ಹಾಕಿದ್ರು. ಒಂದು ಅವಗ ಕೊಟ್ಟೆ, ಒಂದು ನಾ ಇಟ್ಕೊಂಡೆ. ನಂದು ಪೂಜಿಗಷ್ಟೇ ಇತ್ತು, ಚಾಲೂ ಇದ್ದಿಲ್ಲ. ‘ರಿಪೇರಿ ಮಾಡ್ತೀನಿ ಉಸ್ತಾದ್, ಅಲ್ಲೀತನಕ ನಂದು ಇಟ್ಕೊಳ್ರಿ’ ಅಂತ ಅದನ್ನ ಒಯ್ದು ಇದನ್ನ ಬಿಟ್ಟು ಹೋಗಿದ್ದ. ಈ ಸಣ್ಣ ಡಬ್ಬಿ ನೋಡು. ಹಳೇದಕ್ಕ ಹೊಸಾದರ ಭಾಷಾ ಬರಂಗಿಲ್ಲ, ನಡುವ ಇದು ದುಭಾಷಿ. ಇದು ಅವನ ಹೆಸರಿನಿಂದನೇ ಒಳಗ ಹೋಗ್ತದ. ದಿನಾ ಒಂದು ಸಲ ಹೋಗಿ ಕೋಣಿ ಹೆಂಗದ ನೋಡ್ತಿದ್ದೆ. ಮುದುಕನ ಆಟ.”

“ಆಟ!” ಅವಳ ದನಿ ಏರಿತು. “ನಿಮ್ಮ ಆಟಕ್ಕ ಅವ ಲಾಕಪ್ಪಿನ್ಯಾಗ ಕೊಳೀಲಿಕತ್ತಾನ. ನಿಮ್ಮ ಹೆಸರು ಹೇಳವಲ್ಲ ಅವ! ನೀವು ಇಲ್ಲಿ ಟವೆಲ್ ಮುಚ್ಚಿ ಕುಂತೀರಿ. ಇದೇನು ಗುರುಗಳು ಮಾಡೋ ಕೆಲಸಾನ್ರಿ ಸರ್?”

“ನೀನಾರ ನೋಡಬೇಕಿತ್ತಲ್ಲವ್ವಾ. ಈ ದುಭಾಷಿ ಡಬ್ಬಿ ಇಲ್ಲದ ಆ ಸತ್ತ ಯಂತ್ರ ಹೆಂಗ ಮಾತಾಡ್ತದ ಅಂತ ಯಾಕ ಕೇಳ್ಲಿಲ್ಲ ನೀನು? ಇದನ್ನೇ ಏನು ನಾ ನಿನಗ ಕಲಿಸಿದ್ದು?”

ಮಾತು ಕೆನ್ನೆಗೆ ಹೊಡೆದಂತಾಯಿತು. ಕೇಳಬೇಕಿತ್ತು. ಕೇಳಿರಲಿಲ್ಲ. ಸಿಟ್ಟು, ನಾಚಿಕೆ ಎರಡೂ ಸೇರಿ ಅವಳಿಗೆ ಕಣ್ಣು ಮಂಜಾದವು.

“ಕಪಿಲ!” ಅಂತ ಕೂಗಿದಳು. “ಇದನ್ನ ಜೀಪಿಗೆ ಇಡು. ಆ ಡಬ್ಬಿನೂ, ಒಳಗಿರೋ ಫ್ಲಾಪಿನೂ.”

ಒಳಗೆ ಕರೆದರೆ ಬಾರದವನು ಈಗ ಕೂಗಿದ ಮರುಗಳಿಗೆಗೇ ಬಾಗಿಲಲ್ಲಿದ್ದ. ಕೂಸನ್ನು ಎತ್ತಿಕೊಂಡಂತೆ ಯಂತ್ರವನ್ನು ಎತ್ತಿಕೊಂಡ.

“ತಡಿ ನಾಗರತ್ನಾ. ಮೊದಲು ನನ್ನ ಮಾತು ಪೂರಾ ಕೇಳು,” ಅಂದರು ಮೇಷ್ಟ್ರು.

“ತಡದದ್ದು ಸಾಕ್ರಿ ಸರ್. ಒಯ್ಯೋ ಕಪಿಲ.”

ಅವನು ಹೊರಗೆ ಹೋದ. ಮೇಷ್ಟ್ರು ಮುಖವನ್ನು ಎರಡೂ ಕೈಯಲ್ಲಿ ಉಜ್ಜಿಕೊಂಡರು.

“ಬಾಗಿಲು ಹಾಕಿದವ ನಾನಲ್ಲ. ನಾ ನೋಡಾಕಷ್ಟೇ ಹೋಗಿದ್ದೆ. ನೋಡ್ತಾ ಇದ್ದಾಗಲೇ ಬಾಗಿಲು ಬಿಗೀತು, ಫ್ಯಾನ್ ನಿಂತಿತು. ಒಳಗ ಮತ್ತ್ಯಾರದಾರ ಅಂತ ಯಂತ್ರಕ್ಕ ಕೇಳಿದೆ. ಹಸಿರು ಅಕ್ಷರದಾಗ ಒಂದು ಹೆಸರು ಬಂತು. ಪರದೆ ಮ್ಯಾಲ ಬಂದದ್ದೆಲ್ಲ ಫ್ಲಾಪಿದಾಗ ಉಳೀತದ, ಈಗೂ ಅದ. ಕೂಟದವರಿಗೆ ಫೋನ್ ಮಾಡಿ ಬಾಗಿಲು ಒಡಸಿದೆ. ಇಲ್ಲಂದ್ರ ಸೂಗಪ್ಪ ಅವತ್ತೇ ಹೋಗ್ತಿದ್ದ. ಆ ಹೆಸರು ಮಾತ್ರ ಯಾರಿಗೂ ಹೇಳ್ಲಿಲ್ಲ. ಹೇಳಾಕ ಬಾಯಿ ಬರಲಿಲ್ಲ.”

“ಯಾರ ಹೆಸರ್ರಿ ಸರ್?”

“ನಿಂದು.”

ಹೊರಗೆ ಅಂಗಳದಲ್ಲಿ ನೀಲಗಂಗಮ್ಮ ಯಾರನ್ನೋ ಮಾತಾಡಿಸುತ್ತಿದ್ದುದು ಕೇಳುತ್ತಿತ್ತು.

“ನಂದಾ? ನನ್ನ ಹೆಸರು ಅಲ್ಲಿ ಯಾಕಿರ್ತದ?”

“ಉದ್ಘಾಟನಾ ದಿನ ಸ್ಟೇಜ್ ಮ್ಯಾಲ ನಿನ್ನ ಕೈಲೇ ಕೋಣಿ ಚಾಲೂ ಮಾಡಿಸಾಕ ನಿನ್ನ ಹೆಸರಿನ್ಯಾಗೊಂದು ದಾರಿ ಮಾಡಿದ್ರು. ನೆನಪದ ಏನು? ನಿನ್ನ ಹೆಸರು ಹೊಡದಿ, ಪಾಸ್‌ವರ್ಡ್ ಹೊಡದಿ, ಬಾಗಿಲು ತೆರೀತು, ಮಂದಿ ಚಪ್ಪಾಳಿ ತಟ್ಟಿದ್ರು. ಮರುದಿನಾನೇ ಅದನ್ನ ಅಳಸ್ರಿ ಅಂತ ನಾ ಹೇಳಿದೆ. ಅಧ್ಯಕ್ಷರು ಕೇಳ್ಲಿಲ್ಲ. ‘ಲಕ್ಷ್ಮೀ ಬಂದ ಕೈ ಮಾಸ್ತರ್ರ, ಆ ಹೆಸರು ಅಳಸಿದ್ರ ಅಪಶಕುನ. ಆ ಕೈಗುಣ ಅಲ್ಲೇ ಇರ್ಲಿ’ ಅಂದ್ರು. ಕಮಿಟಿ ಮಂದಿ ಎಲ್ಲಾ ತಲಿ ಅಲ್ಲಾಡಿಸಿದ್ರು. ಹಂಗೇ ಉಳೀತು.”

ಅಯ್ಯೋ ದೇವರೇ. ಕೈಗುಣವಂತೆ. ಆ ಕೈಗುಣವೇ ಒಬ್ಬ ಮನುಷ್ಯನನ್ನು ಕೋಣೆಯಲ್ಲಿ ಹಾಕಿ ಬೀಗ ಜಡಿದಿತ್ತು.

“ನೀ ಆ ಸಾಲು ಹಿಡ್ಕೊಂಡು ನನ್ನ ಹತ್ರ ಬಂದಿ,” ಅಂದರು ಮೇಷ್ಟ್ರು. “ಅದರಾಗ ಪರ್ವೇಜನ ಹೆಸರು ಇತ್ತು, ನಿಂದು ಇದ್ದಿಲ್ಲ. ನೀನೇ ಅಳಸಿ ತಂದೀಯೇನೋ ಅಂದ್ಕೊಂಡೆ. ಒಬ್ಬ ಶಿಷ್ಯ ಒಳಗ, ಒಬ್ಬಾಕಿ ಶಿಷ್ಯೆ ಹೊರಗ. ಬಾಯಿ ಬಿಟ್ರ ನೀ ಹೋಗ್ತಿ, ಸುಮ್ಮನಿದ್ರ ಅವ ಹೋಗ್ತಾನ. ಯಾರನ್ನ ಕೊಡಲಿ ನಾನು? ನನಗ ತಿಳೀಲಿಲ್ಲವ್ವಾ. ಹೇಡಿ ಆದೆ.”

“ನಾನಲ್ರಿ ಸರ್.”

“ಈಗ ನಿನ್ನ ಮುಖ ನೋಡಿದ ಮ್ಯಾಲ ತಿಳೀತು. ಹಂಗಾದ್ರ ಹೇಳು. ಆ ದಿನದ ದಾಖಲೆ ನೀನೇ ಹೋಗಿ ತಗಿಸಿದ್ಯೇನು?”

“ಇಲ್ಲ. ತರಿಸಿದೆ.”

“ಯಾರ ಕಡಿಂದ?”

ಅವಳು ಬಾಗಿಲ ಕಡೆ ನೋಡಿದಳು.

“ಸ್ಟೇಜ್ ಮ್ಯಾಲ ಹೊಡದ್ಯಲ್ಲ, ಆ ಪಾಸ್‌ವರ್ಡ್ ಯಾವುದು?”

ಯಾವುದು ಅಂದರೇನು? ಅವಳ ಹತ್ತಿರ ಇದ್ದದ್ದೇ ಒಂದು. ಮನೆಗೂ ಅದೇ, ಬ್ಯಾಂಕಿಗೂ ಅದೇ, ಠಾಣೆಗೂ ಅದೇ. ಎಲ್ಲೆಂದರಲ್ಲಿ ಒಂದೇ ಪಾಸ್‌ವರ್ಡ್ ಇಡಬೇಡಿ ಅಂತ ಶಾಲೆ ಶಾಲೆಗೆ ಹೋಗಿ ಭಾಷಣ ಹೊಡೆಯುವ ಮಹಾತಾಯಿ ಅವಳು! ವರದಿ ಟೈಪಿಸಲು ಪುರಸೊತ್ತಿಲ್ಲದ ದಿನ ಆ ಪಾಸ್‌ವರ್ಡನ್ನು ತನ್ನ ಕುರ್ಚಿಯಿಂದಲೇ ಕೂಗಿ ಹೇಳಿದ್ದಳು. ಒಬ್ಬನಿಗೆ. ಉದ್ಘಾಟನೆಯ ದಿನ ಸ್ಟೇಜಿನ ಪಕ್ಕ ಅವಳ ಶಾಲು, ಹಾರ ಹಿಡಿದು ನಿಂತಿದ್ದವನಿಗೆ. ಸೂಗಪ್ಪನ ಓಣಿಯವನಿಗೆ. ಕೂಟದಿಂದ ಆ ದಾಖಲೆ ತಂದುಕೊಟ್ಟವನಿಗೆ. ‘ನೀವು ಮುಟ್ಟಿಲ್ಲ, ನಾ ನೋಡಿಲ್ಲ’ ಅಂದವನಿಗೆ.

ಈಗಷ್ಟೇ ಯಂತ್ರವನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದವನಿಗೆ.

ನಾಗರತ್ನಾ ಹೊರಗೆ ಓಡಿದಳು. ಅಂಗಳದಲ್ಲಿ ನೀಲಗಂಗಮ್ಮ ಒಬ್ಬರೇ ನಿಂತಿದ್ದರು.

“ಈಗರೆ ಹೋದ ನೋಡವ್ವಾ. ಮೇಡಂ ಹೇಳ್ಯಾರ, ತೋಟದ ಆಚಿ ತನಕ ಹೋಗಿ ಬರ್ತೀನಿ ಅಂದ.”

ಜೀಪು ಇರಲಿಲ್ಲ. ಪರ್ವೇಜನ ಯಂತ್ರ ಇರಲಿಲ್ಲ. ಫ್ಲಾಪಿ ಇರಲಿಲ್ಲ. ಪರ್ವೇಜನನ್ನು ಉಳಿಸಬಹುದಾದದ್ದೆಲ್ಲವನ್ನೂ ಅವಳೇ ಕರೆದು, ಕೈಯಾರೆ ಕೊಟ್ಟು ಕಳಿಸಿದ್ದಳು. ಮೊದಲ ಸಲ ಹೊಗೆ, ಎರಡನೇ ಸಲ ಧೂಳು.

ಇನ್ನು ಉಳಿದದ್ದು ಒಂದೇ. ಅವಳ ಬಾಯಿ. ಯಂತ್ರ ತನ್ನ ಕೈಯಲ್ಲೇ ಸುಟ್ಟಿತು ಅಂತ ಅವಳು ಒಪ್ಪಿಕೊಂಡರೆ, ಅದನ್ನು ಅದಕ್ಕೂ ಮುಂಚೆ ಯಾರೂ ನಡೆಸಿರಲಿಲ್ಲ ಅನ್ನುವುದಾದರೂ ನಿಲ್ಲುತ್ತದೆ. ಕೆಲಸ ಹೋಗಬಹುದು. ಹೋಗಲಿ. ಮೆಹಬೂಬಿ ನಾಳೆಯೂ ಆ ಕಟ್ಟೆಯ ಮೇಲೆ ಡಬ್ಬಿ ಹಿಡಿದು ಕೂಡುವುದನ್ನು ನೋಡುವುದಕ್ಕಿಂತ ಅದು ಮೇಲು.

ಸಾಹೇಬರಿಗೆ ಫೋನ್ ಹಚ್ಚಿದಳು. ಉಸಿರು ಬಿಗಿಹಿಡಿದು ಒಂದೇ ಸಮ ಹೇಳಿದಳು.

“ಸರ್, ಜಪ್ತಿ ಮಾಡಿದ ಯಂತ್ರ ನಾನೇ ಚಾಲೂ ಮಾಡಿ ಸುಟ್ಟೀನಿ. ಪಂಚನಾಮೆದಾಗ ಬರೀಲಿಲ್ಲ. ತಪ್ಪು ನಂದು. ಪರ್ವೇಜ್ ನಿರಪರಾಧಿ ಅದಾನ್ರಿ.”



“ಇದನ್ನ ಅವತ್ತೇ ಯಾಕ ಹೇಳ್ಲಿಲ್ಲ ನಾಗರತ್ನಾ?” ಅಂದರು ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರ ಇತ್ತು. “ನೀವು ಹೇಳೂಕಿಂತ ಮೊದಲ ಕಪಿಲ ಹೇಳ್ಯಾನ. ಈಗ ಫೋನ್ ಇಟ್ಟ. ಸಾಕ್ಷಿ ಸುಟ್ಟೀರಂತ. ಅವನ ಬಾಯಿ ಮುಚ್ಚಿಸೀರಂತ. ಈಗ ನಿಮ್ಮ ಮೇಷ್ಟ್ರ ಕೂಡ ಸೇರಿ ಎರಡನೇ ಯಂತ್ರದ ಕಥಿ ಕಟ್ಟಾಕತ್ತೀರಂತ. ಕೋಣಿ ಬಾಗಿಲು ಬಿದ್ದದ್ದೂ ನಿಮ್ಮ ಹೆಸರಿನಿಂದನೇ ಅಂತ, ಅದಕ್ಕೂ ದಾಖಲೆ ಅದ ಅಂತಾನ.”

“ಸುಳ್ಳು ಸರ್! ಅವನೇ—”

“ನೀವು ಸುಳ್ಳು ಹೇಳಿಲ್ಲಂತ ನಾ ಹೆಂಗ ನಂಬಲಿ ಈಗ? ನೀವೇ ಹೇಳ್ರಿ.”

ಅವಳಿಗೆ ಮುಂಜಾನೆ ಸರಳಿನ ಮುಂದೆ ನಿಂತು ‘ಇಲ್ಲ’ ಅಂದದ್ದು ಕಿವಿಯಲ್ಲಿ ಕೇಳಿಸಿತು.

“ಎಲ್ಲೂ ಹೋಗಬ್ಯಾಡ್ರಿ. ಯಾರಿಗೂ ಫೋನ್ ಮಾಡಬ್ಯಾಡ್ರಿ. ನಿಮ್ಮನ್ನೂ ಮೇಷ್ಟ್ರನ್ನೂ ಕರಕೊಂಡು ಬರಾಕ ಗಾಡಿಗೆ ಹೇಳೀನಿ.”

“ಯಾವ ಗಾಡಿ ಸರ್? ಯಾರು ಬರ್ತಾರ?”

ಅವರು ಉತ್ತರ ಹೇಳುವುದಕ್ಕೂ ಬಾಳೆಯ ತೋಟದ ತಿರುವಿನಲ್ಲಿ ಜೀಪು ಕಾಣಿಸುವುದಕ್ಕೂ ಸರಿಹೋಯಿತು. ಕಪಿಲ ನಿಧಾನಕ್ಕೆ ಓಡಿಸಿಕೊಂಡು ಬರುತ್ತಿದ್ದ.

ಯಂತ್ರ ಹೇರಿಕೊಂಡು ಹೋಗಿದ್ದ ಹಿಂದಿನ ಸೀಟು ಖಾಲಿ ಇತ್ತು.